ಸದರಿ ವಿಳಾಸದಲ್ಲಿ ವಾಸವಿಲ್ಲ

ಪೊಲೀಸ್ ಠಾಣೆಯ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ, ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಕೆಂಡಕ್ಕನ ಇಸ್ತ್ರಿ ಅಂಗಡಿ. ಅಂಗಡಿ ಎಂದರೆ ಒಂದು ಮೇಜು, ಅದರ ಮೇಲೆ ನಾಲ್ಕು ಮಡಿಕೆಯ ಕಂಬಳಿ, ಗೋಡೆಗೆ ಹೊಡೆದ ಎರಡು ಹಲಗೆ, ಮೇಲೊಂದು ಬಲ್ಬು. ಹಿಂದುಗಡೆ ಒಂದೇ ಕೋಣೆಯ ಮನೆ. ಇಪ್ಪತ್ತಾರು ವರ್ಷದಿಂದ ಅವಳು ಆ ಮೇಜಿನ ಹಿಂದೆ ನಿಂತಿದ್ದಾಳೆ. ಮೊದಲು ಇದ್ದಿಲಿನ ಪೆಟ್ಟಿಗೆ ಇತ್ತು, ಈಗ ಕರೆಂಟಿನದು. ಇದ್ದಿಲು ಹೋದರೂ ಹೆಸರು ಹೋಗಲಿಲ್ಲ. ಅದಕ್ಕೆ ಇದ್ದಿಲೊಂದೇ ಕಾರಣವಲ್ಲ ಎಂದು ಬೀದಿಯವರು ನಗುತ್ತಾರೆ. ಕೊಳೆ ಹೋಗದ ಅಂಗಿಯನ್ನು ಇಸ್ತ್ರಿಗೆ ತಂದವರಿಗೆ, "ಮೊದಲು ಕುತ್ತಿಗೆ ತೊಳ್ಕೊಂಡು ಬನ್ನಿ, ಆಮೇಲೆ ಕಾಲರು ನೋಡೋಣ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವ ಹೆಂಗಸು. ಹೇಳಿಸಿಕೊಂಡವರೂ ಮತ್ತೆ ಅಲ್ಲಿಗೇ ಬರುತ್ತಾರೆ. ಅವಳು ಎಳೆದ ಗೆರೆ ಎರಡು ದಿನ ಕೂತೆದ್ದರೂ ಅಳಿಯುವುದಿಲ್ಲ.

ಮದುವೆಯಾಗಿ ಮೂರೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ. ಆಮೇಲೆ ಅವಳಿಗೆ ಉಳಿದದ್ದು ತನಗಿಂತ ಹನ್ನೆರಡು ವರ್ಷ ಚಿಕ್ಕವನಾದ ತಮ್ಮ. ಅವಳು ಇಸ್ತ್ರಿ ಹಾಕುವುದು, ಅವನು ಗಂಟು ಕಟ್ಟಿ ಸೈಕಲ್ಲಿನಲ್ಲಿ ಮನೆಮನೆಗೆ ಮುಟ್ಟಿಸುವುದು. ಬಾಯಿ ಸಿಹಿಯಾದ ಹುಡುಗ. ಅಕ್ಕ ಬೈದು ಕಳಿಸಿದ ಗಿರಾಕಿಗಳನ್ನು ಅವನು ನಗಿಸಿ ವಾಪಸು ಕರೆತರುತ್ತಿದ್ದ.

ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ, ಹತ್ತೂವರೆಯ ಹೊತ್ತಿಗೆ, ಅವನು ಗಂಟು ಹೇರಿಕೊಂಡು ರಸ್ತೆಗೆ ಇಳಿದ. ಅದು ಒಂದೇ ದಿಕ್ಕಿನ ರಸ್ತೆ. ಬರಬಾರದ ಕಡೆಯಿಂದ ಒಂದು ಬಿಳಿ ಕಾರು ಬಂತು. ಕೆಂಡಕ್ಕ ತಲೆಯೆತ್ತಿ ನೋಡುವಷ್ಟರಲ್ಲಿ ತಮ್ಮನನ್ನೂ ಸೈಕಲ್ಲನ್ನೂ ಒಟ್ಟಿಗೇ ಎಳೆದುಕೊಂಡು ಹೋಗಿ ದೀಪದ ಕಂಬಕ್ಕೆ ಒತ್ತಿ ನಿಂತಿತು. ಬಾಗಿಲು ತೆರೆದು ಒಬ್ಬ ಯುವಕ ಇಳಿದ. ಬೀದಿಯ ತುದಿಯಲ್ಲಿರುವ ದೊಡ್ಡ ಪೀಠೋಪಕರಣದ ಅಂಗಡಿಯ ಮಾಲೀಕನ ಮಗ. ಒಂದು ಕೈಯಲ್ಲಿ ಇನ್ನೂ ಫೋನು ಬೆಳಗುತ್ತಿತ್ತು. ಬಗ್ಗಿ ನೋಡಿದ, ಸುತ್ತ ನೋಡಿದ, ಕೆಂಡಕ್ಕನನ್ನೂ ನೋಡಿದ. ಮತ್ತೆ ಕಾರು ಹತ್ತಿ, ಹಿಂದಕ್ಕೆ ತೆಗೆದು, ಹೊರಟುಹೋದ. ಚೆಲ್ಲಾಡಿದ ಬಿಳಿ ಅಂಗಿಗಳ ಮೇಲೆ ಚಕ್ರದ ಗುರುತು ಬಿದ್ದಿತ್ತು.

ದೂರು ಕೊಟ್ಟವಳು ಅವಳೇ. ನೋಡಿದೆ ಎನ್ನಲು ಬೀದಿಯಲ್ಲಿ ಬೇರೆ ಯಾರೂ ಮುಂದೆ ಬರಲಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಹೇಳಿದಳು, ನಾಲ್ಕು ಹಾಳೆಗೆ ಸಹಿ ಹಾಕಿದಳು. ಪೊಲೀಸರು ಎಫ್‌ಐಆರ್‌ನ ಒಂದು ಪ್ರತಿ ಅವಳ ಕೈಗಿತ್ತರು, ನಜ್ಜುಗುಜ್ಜಾದ ಸೈಕಲ್ಲನ್ನು ಠಾಣೆಗೆ ಒಯ್ದರು.

ತಮ್ಮ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದ. ಮೂಳೆಗಳು ಕೂಡಿಕೊಂಡವು, ತಲೆ ಮಾತ್ರ ಕೂಡಿಕೊಳ್ಳಲಿಲ್ಲ. ಅವನಿಗೆ ಮೂರನೆಯ ಕ್ಲಾಸಿನ ಮೇಷ್ಟ್ರ ಹೆಸರು ನೆನಪಿದೆ, ನಿನ್ನೆ ಯಾರು ಬಂದಿದ್ದರು ಎಂಬುದು ನೆನಪಿಲ್ಲ. ಆ ಬೆಳಗ್ಗೆಯಂತೂ ಪೂರಾ ಅಳಿಸಿಹೋಗಿದೆ. ಈಗ ಅವನು ಅಂಗಡಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಬಟ್ಟೆ ಮಡಿಸುತ್ತಾನೆ. ಮಡಿಸುವುದನ್ನು ಕೈ ಮರೆತಿಲ್ಲ. ದಿನಕ್ಕೆ ನಾಲ್ಕು ಸಲವಾದರೂ ಕೇಳುತ್ತಾನೆ: "ಅಕ್ಕಾ, ನನ್ನ ಸೈಕಲ್ ಎಲ್ಲಿ?"

"ರಿಪೇರಿಗೆ ಕೊಟ್ಟಿದೀನಿ ಕಣೋ" ಎನ್ನುತ್ತಾಳೆ.

ಹೀಗೆ ಆ ಬೆಳಿಗ್ಗೆ ಏನಾಯಿತೆಂದು ಹೇಳಬಲ್ಲವಳು ಇಡೀ ಬೀದಿಯಲ್ಲಿ ಕೆಂಡಕ್ಕ ಒಬ್ಬಳೇ ಉಳಿದಳು. ಹೇಳುವುದಕ್ಕೆ ಅವಳು ಕಾದಳು. ಠಾಣೆಯಿಂದ ಕೋರ್ಟಿನ ಸಮನ್ಸುಗಳನ್ನು ಮುಟ್ಟಿಸುವ ಪೇದೆಯೊಬ್ಬನಿದ್ದ. ದಪ್ಪ ಮೀಸೆ, ಮೆತ್ತಗಿನ ಮಾತು, ಬೀದಿಗೆಲ್ಲ ಮೀಸೆ ಪೇದೆ. ಸೋಮವಾರ ಎರಡು ಜೊತೆ ಯೂನಿಫಾರ್ಮ್ ತಂದು ಮೇಜಿನ ಮೇಲಿಟ್ಟು, ಗುರುವಾರ ಬಂದು ಒಯ್ಯುತ್ತಿದ್ದ. ಪ್ರತಿ ಗುರುವಾರ ಕೆಂಡಕ್ಕ ಕೇಳುವುದು ಒಂದೇ ಮಾತು.

"ನಮ್ಮ ಕೇಸು ಎಲ್ಲಿಗೆ ಬಂತು?"

"ಕೋರ್ಟು ಅಂದ್ರೆ ಹಾಗೇ ಅಕ್ಕ, ನಿಧಾನ. ನಿಮ್ಮನ್ನ ಕರೀದೆ ಮುಗಿಯುತ್ತಾ? ಕರೀತಾರೆ, ನಾನೇ ಬಂದು ಹೇಳ್ತೀನಿ."

ಅವನೇ ಹೇಳುವವನಾದ್ದರಿಂದ ಅವಳು ಬೇರೆ ಯಾರನ್ನೂ ಕೇಳಲಿಲ್ಲ. ವರ್ಷ ಒಂದಾಯಿತು, ಎರಡಾಯಿತು, ಐದು ಕಳೆಯಿತು.

ಒಂದು ಮಧ್ಯಾಹ್ನ ಪಕ್ಕದ ಟೀ ಅಂಗಡಿಯವನು ಲೋಟ ತಂದಿಡುತ್ತಾ ಏನೋ ಮಾತಿಗೆ ಮಾತು ಬಂದು ಅಂದ, "ಪೀಠೋಪಕರಣದೋರ ಮಗ ಇನ್ನೊಂದು ಅಂಗಡಿ ಹಾಕ್ತಿದಾನಂತೆ. ಕೇಸಿನ ಕಾಟ ತಪ್ಪಿದ ಮೇಲೆ ಹುಡುಗ ಚಿಗುರಿಬಿಟ್ಟ."

"ಕೇಸು ಎಲ್ಲಿ ತಪ್ಪಿತು? ಇನ್ನೂ ನಡೀತಾ ಇದೆಯಲ್ಲ."

"ಏನಕ್ಕ ನೀವು, ಮುಗಿದು ಎರಡು ವರ್ಷ ಆಯ್ತು. ಖುಲಾಸೆ. ಅವತ್ತು ಅವರಪ್ಪ ನಮ್ಮಂಗಡೀಲಿ ಇದ್ದೋರಿಗೆಲ್ಲ ಟೀ ಕೊಡಿಸಿದ್ರು."

ಕೆಂಡಕ್ಕ ಕೈಯಲ್ಲಿದ್ದ ಅಂಗಿಯ ತೋಳನ್ನು ಮುಗಿಸಿದಳು. ತಿರುಗಿಸಿ ಇನ್ನೊಂದು ತೋಳನ್ನೂ ಮುಗಿಸಿದಳು. ಪ್ಲಗ್ ತೆಗೆದಳು. ಮೈಯೆಲ್ಲ ಉರಿಯುತ್ತಿತ್ತು, ಬಾಯಿ ಮಾತ್ರ ತಣ್ಣಗಿತ್ತು. "ನಾನು ಸಾಕ್ಷಿ ಹೇಳೇ ಇಲ್ಲ. ಹೇಗೆ ಮುಗೀತು?"

ಟೀ ಅಂಗಡಿಯವನಿಗೆ ಅದು ಗೊತ್ತಿರಲಿಲ್ಲ.

ಆ ಗುರುವಾರ ಮೀಸೆ ಪೇದೆಯನ್ನು ಕೇಳಿದಳು. ಅವನು ಯೂನಿಫಾರ್ಮಿನ ಗುಂಡಿಗಳನ್ನು ಮೊದಲ ಸಲ ನೋಡುತ್ತಿರುವವನ ಹಾಗೆ ನೋಡಿದ. "ಹೌದಾ? ನನಗೆ ಗೊತ್ತಿಲ್ಲಕ್ಕ. ಕೋರ್ಟಲ್ಲಿ ವಿಚಾರಿಸಬೇಕು."

"ಸರಿ, ವಿಚಾರಿಸ್ತೀನಿ" ಅಂದಳು ಕೆಂಡಕ್ಕ.

ಮರುದಿನ ತಮ್ಮನನ್ನು ಟೀ ಅಂಗಡಿಯವನ ಹೆಂಡತಿಯ ಕಣ್ಣಳತೆಯಲ್ಲಿ ಕೂರಿಸಿ, ತಮ್ಮನ ಎಕ್ಸ್-ರೇ ಕವರಿನೊಳಗೆ ಭದ್ರವಾಗಿಟ್ಟಿದ್ದ ಎಫ್‌ಐಆರ್ ಪ್ರತಿಯನ್ನು ತೆಗೆದುಕೊಂಡು ಅವಳು ಕೋರ್ಟಿಗೆ ಹೋದಳು. ಅಷ್ಟು ದೊಡ್ಡ ಕಟ್ಟಡದಲ್ಲಿ ಎಲ್ಲಿ ಹೋಗಬೇಕೆಂದು ಬರೆದ ಬೋರ್ಡು ಒಂದೂ ಇರಲಿಲ್ಲ. ಎಲ್ಲಿ ಹೋಗಬಾರದು ಎಂಬ ಬೋರ್ಡುಗಳು ಬೇಕಾದಷ್ಟಿದ್ದವು. ವಿಚಾರಣೆ ಎಂದು ಬರೆದಿದ್ದ ಕಿಟಕಿಯ ಮುಂದೆ ಮುಕ್ಕಾಲು ಗಂಟೆ ನಿಂತಳು.

"ಕೇಸ್ ನಂಬರ್?"

ಅವಳು ಎಫ್‌ಐಆರ್ ಮೇಲಿನ ನಂಬರನ್ನು ಓದಿದಳು.

"ಇದು ಠಾಣೆ ನಂಬರು. ಕೋರ್ಟ್ ನಂಬರ್ ಬೇರೆ ಇರುತ್ತೆ. ಅದು ಹೇಳಿ."

"ಅದು ಗೊತ್ತಿಲ್ಲ. ಅದನ್ನ ಕೇಳೋಕೇ ಬಂದಿರೋದು."

"ನಂಬರ್ ಇಲ್ದೆ ಹೇಗೆ ಹುಡುಕೋದು? ಠಾಣೇಲಿ ಕೇಳ್ಕೊಂಡು ಬನ್ನಿ. ಮುಂದಿನೋರು ಬನ್ನಿ."

ಠಾಣೆಗೆ ಬಂದಳು. ಅಲ್ಲಿನ ಬರಹಗಾರ, ಹಳೆಯ ಪುಸ್ತಕ ಮಹಡಿಯ ಮೇಲಿದೆ, ಮಹಡಿಯ ಬೀಗದ ಕೈ ಇಟ್ಟುಕೊಂಡವರು ರಜೆಯ ಮೇಲಿದ್ದಾರೆ, ಕೋರ್ಟಿನಲ್ಲೇ ಕೇಳಿ ಎಂದ. ಮತ್ತೆ ಕೋರ್ಟು, ಅದೇ ಕಿಟಕಿ, ಅದೇ ಮುಖ. ನಂಬರು ಸಿಗಬೇಕಾದರೆ ನಂಬರು ಇರಬೇಕು ಎಂಬ ಈ ಲೆಕ್ಕ ಅವಳ ಪಿತ್ತ ನೆತ್ತಿಗೇರಿಸಿತು. "ನಿಮ್ಮಪ್ಪನ ಮನೆ ಗುಟ್ಟು ಕೇಳ್ತಿಲ್ಲ ಸ್ವಾಮಿ, ನನ್ನ ಕೇಸು ಕೇಳ್ತಿದೀನಿ" ಎಂದು ಅವಳು ಅಂದದ್ದು ಸಾಲಿನ ಕೊನೆಯವರಿಗೂ ಕೇಳಿಸಿತು. ಕಿಟಕಿಯ ಗುಮಾಸ್ತ ಕಿಟಕಿ ಮುಚ್ಚಿಕೊಂಡ.

ಜಗಲಿಯ ಮೇಲೆ ಟೈಪಿಸ್ಟರ ಸಾಲು. ಅವರಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬಳು ಇದನ್ನೆಲ್ಲ ಕೂತಲ್ಲಿಂದಲೇ ಕೇಳಿಸಿಕೊಂಡಿದ್ದಳು. "ಬನ್ನಿ ಅಮ್ಮ, ಆ ಕಾಗದ ಇಲ್ಲಿ ಕೊಡಿ" ಅಂದಳು. ಎಫ್‌ಐಆರ್ ನೋಡಿ, "ಇದಿಷ್ಟಿದ್ರೆ ಸಾಕು. ಕೋರ್ಟ್ ನಂಬರ್ ಯಾಕೆ ಬೇಕು?" ಎಂದು ಎದ್ದು, ದೊಡ್ಡ ಹಜಾರದ ಮೂಲೆಗೆ ಕರೆದೊಯ್ದಳು. ಅಲ್ಲಿ ಸಾರ್ವಜನಿಕರಿಗೆಂದು ಇಟ್ಟ ಒಂದು ಕಂಪ್ಯೂಟರು ಧೂಳು ತಿನ್ನುತ್ತಿತ್ತು.

"ನೋಡಿ, ನೀವೇ ಒತ್ತಿ, ನಾಳೆ ನಾನಿರಲ್ಲ. ಮೊದಲು ಯಾವ ಕೋರ್ಟು ಅಂತ ಕೇಳುತ್ತೆ. ನಿಮ್ಮ ಠಾಣೆ ಯಾವ ಮ್ಯಾಜಿಸ್ಟ್ರೇಟರ ಕೆಳಗೆ ಬರುತ್ತೆ ಅನ್ನೋದು ಎಫ್‌ಐಆರ್ ತಲೆ ಮೇಲೇ ಇರುತ್ತೆ. ಇಲ್ಲಿ ಠಾಣೆ ಹೆಸರು. ಇಲ್ಲಿ ಎಫ್‌ಐಆರ್ ನಂಬರು. ಇಲ್ಲಿ ವರ್ಷ."

ಕೆಂಡಕ್ಕ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. 'ದಾಖಲೆ ಲಭ್ಯವಿಲ್ಲ' ಎಂದು ಬಂತು. ಅವಳು ಹಲ್ಲು ಕಡಿದಳು.

"ತಡೀರಿ. ಕೆಳಗಡೆ ನೋಡಿ, ಬಾಕಿ ಅಂತ ಒಂದು, ಇತ್ಯರ್ಥ ಅಂತ ಒಂದು. ಅದು ತಾನಾಗೇ ಬಾಕಿ ಮೇಲೆ ನಿಂತಿರುತ್ತೆ. ಅರ್ಧ ಜನ ಇಲ್ಲಿಂದಲೇ ವಾಪಸ್ ಹೋಗ್ತಾರೆ. ಮುಗಿದುಹೋದ ಕೇಸನ್ನ ಬಾಕಿಯಲ್ಲಿ ಹುಡುಕಿದ್ರೆ ಸಿಗುತ್ತಾ?"

ಇತ್ಯರ್ಥವನ್ನು ಒತ್ತಿದಳು. ಪರದೆಯ ಮೇಲೆ ಒಂದು ಸಾಲು ಬಂತು. ಸರ್ಕಾರ ವಿರುದ್ಧ ಪೀಠೋಪಕರಣದವನ ಮಗ. ಕೋರ್ಟಿನ ನಂಬರು. ಮುಗಿದ ದಿನಾಂಕ. ಪಕ್ಕದಲ್ಲಿ ಒಂದೇ ಪದ: ಖುಲಾಸೆ. ಟೀ ಅಂಗಡಿಯವನ ಬಾಯಲ್ಲಿ ಕೇಳಿದಾಗ ಅದು ಬರೀ ಸುದ್ದಿಯಾಗಿತ್ತು. ಅಚ್ಚಿನಲ್ಲಿ ಕಂಡಾಗ ಯಾರೋ ಕೆನ್ನೆಗೆ ಹೊಡೆದ ಹಾಗಾಯಿತು.

"ಯಾಕೆ ಖುಲಾಸೆ ಅಂತ ಎಲ್ಲಿ ಬರ್ದಿದೆ?"

"ಅದು ಕಡತದೊಳಗಿರುತ್ತೆ. ತೀರ್ಪಿನ ನಕಲು ಮಾತ್ರ ಕೇಳ್ಬೇಡಿ, ಆರ್ಡರ್ ಶೀಟೂ ಕೇಳಿ. ಪ್ರತಿ ತಾರೀಖು ಏನೇನಾಯ್ತು ಅಂತ ಅದರಲ್ಲಿರುತ್ತೆ. ಸಮನ್ಸಿನ ವರದಿಗಳನ್ನೂ ಕೇಳಿ. ನಕಲು ಬೇಕು ಅಂತ ಅರ್ಜಿ ಕೊಡಬೇಕು. ಮುಗಿದ ದಿನಾಂಕ ಮರೀದೆ ಬರೀರಿ. ರೆಕಾರ್ಡ್ ರೂಮಿನೋರು ಕಡತ ಕಟ್ಟಿಡೋದು ಮುಗಿದ ತಿಂಗಳ ಮೇಲೆ, ಶುರುವಾದ ವರ್ಷದ ಮೇಲಲ್ಲ."

ರೆಕಾರ್ಡ್ ರೂಮು ನೆಲಮಾಳಿಗೆಯಲ್ಲಿತ್ತು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು ನೆಲದಿಂದ ಛಾವಣಿಯವರೆಗೆ. ಗಂಟು ಕಟ್ಟುವ ಕೆಲಸವನ್ನು ಜೀವಮಾನವಿಡೀ ಮಾಡಿದವಳಿಗೆ ಆ ಸಡಿಲ ಗಂಟುಗಳನ್ನು ನೋಡಿಯೇ ಅಲ್ಲಿನ ಗುಮಾಸ್ತನ ಮೇಲಿನ ಅರ್ಧ ಮರ್ಯಾದೆ ಹೋಯಿತು. ಉಳಿದರ್ಧ ಅವನು ಬಾಯಿ ತೆರೆದಾಗ ಹೋಯಿತು.

"ಕೇಸು ಸರ್ಕಾರದ್ದು. ಆರೋಪಿ ಅವರು. ಮಧ್ಯದಲ್ಲಿ ನೀವ್ಯಾರು? ಪಾರ್ಟಿ ಅಲ್ದೋರಿಗೆ ನಕಲು ಕೊಡಲ್ಲ."

"ಗುದ್ದಿಸ್ಕೊಂಡೋನು ನನ್ನ ತಮ್ಮ. ದೂರು ಕೊಟ್ಟೋಳು ನಾನು. ನೋಡ್ದೋಳೂ ನಾನೇ. ನಾವ್ಯಾರೂ ಅಲ್ಲ ಅಂದ್ರೆ ಇನ್ಯಾರದು ಈ ಕೇಸು?"

ಅವನು ಅರ್ಜಿಯನ್ನು ಬೆರಳ ತುದಿಯಿಂದ ವಾಪಸು ತಳ್ಳಿದ. ಅವಳು ಮೆಟ್ಟಿಲು ಹತ್ತಿ ಟೈಪಿಸ್ಟಳ ಬಳಿಗೆ ಹೋದಳು. ಟೈಪಿಸ್ಟಳು ಅರ್ಜಿಯಲ್ಲಿ ಹೆಸರಿನ ಮುಂದೆ 'ಫಿರ್ಯಾದಿ' ಎಂದು ಒಂದು ಪದ ಸೇರಿಸಿ, ಎಫ್‌ಐಆರ್‌ನ ಪ್ರತಿ ಲಗತ್ತಿಸಿ, ಯಾಕೆ ಬೇಕೆಂಬುದನ್ನು ಎರಡು ಸಾಲು ಟೈಪು ಮಾಡಿ ಕೊಟ್ಟಳು. "ಇನ್ನು ತಳ್ಳಕ್ಕಾಗಲ್ಲ. ಅರ್ಜಿ ಸೇರಿದ ಮೇಲೆ ನಂಬರ್ ಹಾಕಿದ ಚೀಟಿ ಕೇಳಿ ಇಸ್ಕೊಳಿ."

ತಳ್ಳಲಿಲ್ಲ ನಿಜ, ಎಳೆದ. ಕಡತ ಸಿಗುತ್ತಿಲ್ಲ, ಸೋಮವಾರ ಬನ್ನಿ. ಸೋಮವಾರ ಹೋದರೆ, ಹುಡುಕುವವರಿಲ್ಲ, ಶುಕ್ರವಾರ ಬನ್ನಿ. ಮೂರು ವಾರ ಹೀಗೆ ಅಲೆಸಿದ. ಅಂಗಡಿಯಲ್ಲಿ ಬಟ್ಟೆ ಗುಡ್ಡೆ ಬಿತ್ತು, ಗಿರಾಕಿಗಳು ಗೊಣಗಿದರು, ತಮ್ಮ ದಾರಿ ನೋಡಿ ನೋಡಿ ಎರಡು ಸಲ ರಸ್ತೆಗೆ ಇಳಿದು ನಿಂತಿದ್ದ. ನಾಲ್ಕನೆಯ ವಾರ ಕೆಂಡಕ್ಕ ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ಗುಮಾಸ್ತನ ಮುಂದಿಟ್ಟಳು.

"ಏನಿದು?"

"ಈ ನಂಬರಿನ ಕಡತ ನಮ್ಮ ಹತ್ರ ಇಲ್ಲ, ಕಳೆದುಹೋಗಿದೆ ಅಂತ ಬರೆದು ಸಹಿ ಹಾಕಿ. ಅದನ್ನ ತಗೊಂಡು ಮೇಲಿನ ಸಾಹೇಬರ ಹತ್ರ ಹೋಗ್ತೀನಿ. ನಿಮಗೂ ಹುಡುಕೋ ಕಷ್ಟ ತಪ್ಪುತ್ತೆ."

ಗುಮಾಸ್ತ ಹಾಳೆಯನ್ನು ನೋಡಿದ, ಅವಳನ್ನು ನೋಡಿದ. ಎದ್ದು ಒಳಗೆ ಹೋದ. ಅರ್ಧ ಗಂಟೆಗೆ ಕಡತ ಸಿಕ್ಕಿತು.

ಎರಡು ದಿನದ ಮೇಲೆ ಮೊಹರು ಬಿದ್ದ ನಕಲು ಅವಳ ಕೈಗೆ ಬಂತು. ಮನೆಯವರೆಗೆ ತಡೆಯಲಾಗಲಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ಕೂತು, ಬೆರಳಿಟ್ಟುಕೊಂಡು ಓದಿದಳು. ಚಾ.ಸಾ. 1, ಚಾರ್ಜ್‌ಶೀಟಿನ ಒಂದನೇ ಸಾಕ್ಷಿ, ಎಂದರೆ ತಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಪಕ್ಕದಲ್ಲಿ ಅವಳ ಹೆಸರು, ಅಪ್ಪನ ಹೆಸರು, ಕಟ್ಟಡದ ಹೆಸರು, 'ಪೊಲೀಸ್ ಠಾಣೆಯ ಎದುರು' ಎಂಬ ಗುರುತು, ಎಲ್ಲ ಒಂದಕ್ಷರ ತಪ್ಪಿಲ್ಲದೆ ಇದ್ದವು.

'ಚಾ.ಸಾ. 1 ರವರ ಸಮನ್ಸ್ ಜಾರಿಯಾಗದೆ ವಾಪಸ್ ಬಂದಿದೆ. ಸದರಿ ವಿಳಾಸದಲ್ಲಿ ವಾಸವಿಲ್ಲ. ನೆರೆಹೊರೆಯವರನ್ನು ವಿಚಾರಿಸಲಾಗಿ, ಅಂಗಡಿ ಮುಚ್ಚಿ ಊರು ಬಿಟ್ಟು ಹೋಗಿರುವುದಾಗಿ ತಿಳಿದುಬಂದಿರುತ್ತದೆ.'

ಒಂದು ಸಲವಲ್ಲ. ಮೂರು ಸಮನ್ಸು, ಒಂದು ವಾರಂಟು. ನಾಲ್ಕಕ್ಕೂ ಅದೇ ವಾಕ್ಯ, ಅದೇ ಕೈಬರಹ, ಕೆಳಗೆ ಮೀಸೆ ಪೇದೆಯ ಸಹಿ. ಕೊನೆಯದರಲ್ಲಿ 'ನೆರೆಯ ಅಂಗಡಿಯವರು' ಎಂದು ಟೀ ಅಂಗಡಿಯವನ ಸಹಿ. ತೀರ್ಪು ಎರಡೂವರೆ ಪುಟ. ಕಣ್ಣಾರೆ ಕಂಡ ಏಕೈಕ ಸಾಕ್ಷಿಯನ್ನು ಹಾಜರುಪಡಿಸಲು ಸರ್ಕಾರದ ಕಡೆಯವರು ವಿಫಲರಾದ್ದರಿಂದ ಸಂಶಯದ ಲಾಭವನ್ನು ಆರೋಪಿಗೆ ಕೊಡಲಾಗಿದೆ. ಕಡೆಯ ಸಾಲು ಸೈಕಲ್ಲಿನದು. 'ಜಪ್ತಿಯಾದ ಸೈಕಲ್ ಬೆಲೆಯಿಲ್ಲದ ವಸ್ತುವಾದ್ದರಿಂದ ಮೇಲ್ಮನವಿ ಅವಧಿಯ ನಂತರ ನಾಶಪಡಿಸತಕ್ಕದ್ದು.'

ಅವಳಿಗೆ ಅಳು ಬರಲಿಲ್ಲ. ಬಂದಿದ್ದರೆ ಹಗುರಾಗುತ್ತಿತ್ತೇನೋ. ಊರು ಬಿಟ್ಟು ಹೋದವಳು ಪ್ರತಿ ಸೋಮವಾರ ಅವನ ಯೂನಿಫಾರ್ಮಿಗೆ ನೀರು ಚಿಮುಕಿಸಿದಳೇ? ವಾಸವಿಲ್ಲದವಳು ಅವನ ತೋಳಿಗೆ ಗೆರೆ ಎಳೆದಳೇ? ಅವಳು ಎಳೆದ ಗೆರೆಯ ಅಂಗಿ ತೊಟ್ಟುಕೊಂಡೇ ಅವನು ಕೋರ್ಟಿಗೆ ಹೋಗಿ ಅವಳಿಲ್ಲವೆಂದು ಬರೆದುಕೊಟ್ಟಿದ್ದ. ಬಸ್ಸು ಹತ್ತಬೇಕೆಂಬುದೂ ಮರೆತು ಅವಳು ಅಷ್ಟು ದೂರವನ್ನೂ ನಡೆದೇ ಬಂದಳು.

ಟೀ ಅಂಗಡಿಯವನ ಮುಂದೆ ಆ ಹಾಳೆ ಹಿಡಿದಳು. ಅವನು ಕಣ್ಣು ಕಿರಿದು ಮಾಡಿ ನೋಡಿದ.

"ಸಹಿ ನಂದೇ. ಏನು ಬರ್ದಿದೆ ಅಂತ ಓದ್ಲಿಲ್ಲಕ್ಕ. ಪೊಲೀಸ್ನೋರು ಹಾಕು ಅಂದ್ರು, ಕೈ ಒದ್ದೆ ಇತ್ತು, ಒರೆಸ್ಕೊಂಡು ಹಾಕ್ದೆ."

"ನಾನು ಊರಲ್ಲೇ ಇಲ್ಲ ಅಂತ ಸಹಿ ಹಾಕಿದೀಯ. ಅವತ್ತೂ ನನಗೆ ಎರಡು ಸಲ ಟೀ ಕೊಟ್ಟಿರ್ತೀಯ."

ಅವಳು ಎಂಟು ದಿನ ಅವನ ಟೀ ಮುಟ್ಟಲಿಲ್ಲ, ಅವನ ಹೆಂಡತಿ ತಂದಿಟ್ಟರೂ ಮುಟ್ಟಲಿಲ್ಲ. ಒಂಬತ್ತನೆಯ ದಿನ ಅವನೇ ಬಂದು, "ಎಲ್ಲಿ ಬೇಕಾದ್ರೂ ಬಂದು ನಿಜ ಹೇಳ್ತೀನಿ, ಮಾತಾಡಿ ಅಕ್ಕ" ಎಂದು ಮೇಜು ಹಿಡಿದು ನಿಂತ.

ಅದಕ್ಕೂ ಮೊದಲು ಬಂದದ್ದು ಗುರುವಾರ. ಆ ದಿನ ಮೀಸೆ ಪೇದೆ ಬರುವುದನ್ನು ಅವಳು ಕಾಯಲಿಲ್ಲ. ಇಸ್ತ್ರಿಯಾದ ಎರಡು ಜೊತೆ ಯೂನಿಫಾರ್ಮನ್ನು ತೋಳಿನ ಮೇಲೆ ಹಾಕಿಕೊಂಡು, ಅದರ ಮೇಲೆ ನಕಲಿನ ಹಾಳೆಯಿಟ್ಟುಕೊಂಡು ರಸ್ತೆ ದಾಟಿ ಠಾಣೆಯೊಳಗೆ ಹೋದಳು. ಅವನು ಗೆಳೆಯರ ಜೊತೆ ಕೂತಿದ್ದ.

"ನಿಮ್ಮ ಬಟ್ಟೆ. ಎಲ್ಲಿಂದ ಬಂತು ಅಂತ ಇವರಿಗೆಲ್ಲ ಹೇಳಿ. ನಾನಂತೂ ಊರು ಬಿಟ್ಟು ಹೋಗಿದೀನಿ."

ಅವನ ಮುಖ ಕಪ್ಪಿಟ್ಟಿತು. ಹೊರಗೆ ಕರೆದುಕೊಂಡು ಬಂದ. ಐದು ನಿಮಿಷದಲ್ಲಿ ಮೂರು ಕಾರಣ ಕೊಟ್ಟ. ಆ ದಿನ ಹದಿನೇಳು ಸಮನ್ಸುಗಳಿದ್ದವು, ಎಲ್ಲದಕ್ಕೂ ಒಂದೇ ಬರೆದುಬಿಟ್ಟೆ ಎಂದ. ಆಮೇಲೆ, ಕೋರ್ಟಿಗೆ ಅಲೆಯುವ ತೊಂದರೆ ನಿಮಗೆ ಬೇಡವೆಂದು ಹಾಗೆ ಮಾಡಿದೆ ಎಂದ. ಕೊನೆಗೆ ದನಿ ತಗ್ಗಿಸಿ, "ಪೀಠೋಪಕರಣದೋರು ದೊಡ್ಡೋರ ಕೈಲಿ ಹೇಳಿಸಿದ್ರು ಅಕ್ಕ, ನಾನು ಸಣ್ಣ ಮನುಷ್ಯ" ಎಂದ.

"ಮೂರರಲ್ಲಿ ಯಾವುದು ನಿಜ ಅಂತ ಬರೆದು ಕೊಡ್ತೀರಾ?"

"ಅಕ್ಕ, ಮಕ್ಕಳೊಂದಿಗ ನಾನು."

"ನನ್ನ ತಮ್ಮನೂ ನನಗೆ ಮಗನ ಹಾಗೇ. ಐದು ವರ್ಷ ಪ್ರತಿ ಗುರುವಾರ ನನ್ನ ಮುಖ ನೋಡಿ, ಕರೀತಾರೆ ಅಂದ್ರಲ್ಲ, ಒಂದು ದಿನವಾದ್ರೂ ನಾಲಿಗೆ ತಡವರಿಸ್ಲಿಲ್ವಾ?"

ಅವಳು ಬಟ್ಟೆಯನ್ನು ಅವನ ತೋಳಿಗೆ ಹಾಕಿ ಬಂದಳು. ಅಲ್ಲಿಂದ ಮುಂದೆ ಠಾಣೆಯ ಒಂದು ಕರವಸ್ತ್ರವನ್ನೂ ಅವಳು ಮುಟ್ಟಲಿಲ್ಲ.

ಟೈಪಿಸ್ಟಳು ಹೇಳಿದ ಮೇಲೆ ಅವಳು ಕೋರ್ಟಿನ ಹಿಂಬದಿಯ ಉಚಿತ ಕಾನೂನು ನೆರವಿನ ಕಚೇರಿಗೆ ಹೋದಳು. ಅಲ್ಲಿದ್ದವಳು ಒಬ್ಬ ಕಿರಿಯ ವಕೀಲೆ, ಕೋಟಿನ ಮೊಣಕೈ ಸವೆದಿತ್ತು. ನಕಲುಗಳನ್ನು ಎರಡು ಸಲ ಓದಿದಳು.

"ಮೇಲ್ಮನವಿ ಹಾಕೋ ಕಾಲ ಯಾವತ್ತೋ ಮುಗಿದಿದೆ. ಆದ್ರೆ ನಿಮಗೆ ತಿಳಿಸೇ ಇಲ್ಲ. ತಡವಾದದ್ದು ನಿಮ್ಮ ತಪ್ಪಲ್ಲ ಅಂತ ತೋರಿಸಿದ್ರೆ ಕೋರ್ಟು ಒಪ್ಪಬಹುದು. ಆ ತಾರೀಖುಗಳಲ್ಲಿ ನೀವು ಇಲ್ಲೇ ಇದ್ರಿ ಅನ್ನೋಕೆ ಏನಾದ್ರೂ ಇದೆಯಾ?"

ಕೆಂಡಕ್ಕನ ಹತ್ತಿರ ತಮ್ಮನ ಆಸ್ಪತ್ರೆಯ ಚೀಟಿಗಳಿದ್ದವು. ಜೊತೆಗೆ ಬಟ್ಟೆ ಅದಲುಬದಲಾಗದಿರಲೆಂದು ಅವಳು ಬರೆದಿಡುತ್ತಿದ್ದ ಪುಸ್ತಕಗಳಿದ್ದವು: ಯಾವ ದಿನ, ಯಾರದು, ಏನೇನು. ಹಳೆಯದನ್ನೆಲ್ಲ ಕೆದಕಿ ತಂದಳು. ವಕೀಲೆ ವರದಿಯ ದಿನಾಂಕಗಳನ್ನು ಒಂದೊಂದಾಗಿ ಓದಿದಳು, ಅವಳು ಪುಟ ತೆಗೆದಳು. ಎರಡನೆಯ ಸಮನ್ಸು ವಾಪಸು ಹೋದದ್ದು ಒಂದು ಸೋಮವಾರ. ಆ ದಿನದ ಪುಟದಲ್ಲಿ ಅವಳ ಓರೆ ಅಕ್ಷರದಲ್ಲಿ ಇತ್ತು: 'ಮೀಸೆ, ಯೂನಿಫಾರ್ಮ್ 2 ಜೊತೆ, ಒಂದು ಗುಂಡಿ ಇಲ್ಲ.' ವಕೀಲೆಗೆ ನಗು ಬಂತು. ಕೆಂಡಕ್ಕನಿಗೆ ಬರಲಿಲ್ಲ.

"ಗುಂಡಿ ನಾನೇ ಹಾಕಿಕೊಟ್ಟೆ" ಅಂದಳು.

ಮೇಲಿನ ಕೋರ್ಟಿನಲ್ಲಿ ಹನ್ನೊಂದು ತಿಂಗಳು ಹಿಡಿಯಿತು. ಈ ಸಲ ಅವಳು ಯಾರ ಮಾತನ್ನೂ ನಂಬಲಿಲ್ಲ. ಪ್ರತಿ ತಾರೀಖಿನ ಹಿಂದಿನ ದಿನ ಫೋನಿನಲ್ಲಿ ತಾನೇ ನಂಬರು ಹಾಕಿ ನೋಡಿದಳು, ತಾರೀಖು ಮುಗಿದ ಮೇಲೆ ಮತ್ತೆ ನೋಡಿದಳು. ವಕೀಲೆಗಿಂತ ಮೊದಲು ಮುಂದಿನ ದಿನಾಂಕ ಅವಳಿಗೆ ಗೊತ್ತಿರುತ್ತಿತ್ತು. ಟೀ ಅಂಗಡಿಯವನು ಪ್ರಮಾಣಪತ್ರ ಬರೆದುಕೊಟ್ಟ. ಕೊನೆಗೆ ಆ ಖುಲಾಸೆ ರದ್ದಾಗಿ, ಸಾಕ್ಷಿಯನ್ನು ಕೇಳಿ ಹೊಸದಾಗಿ ತೀರ್ಮಾನಿಸಿ ಎಂದು ಕೇಸು ಕೆಳಗಿನ ಕೋರ್ಟಿಗೆ ವಾಪಸು ಬಂತು.

ಹೀಗೆ ಅಪಘಾತವಾಗಿ ಏಳೂವರೆ ವರ್ಷಕ್ಕೆ ಕೆಂಡಕ್ಕ ಕಟಕಟೆ ಹತ್ತಿದಳು. ತಾನೇ ಇಸ್ತ್ರಿ ಹಾಕಿದ ಹತ್ತಿ ಸೀರೆ ಉಟ್ಟಿದ್ದಳು. ನೋಡಿದ್ದನ್ನು ನೋಡಿದ ಹಾಗೆ ಹೇಳಿದಳು: ಕಾರು, ದಿಕ್ಕು, ಫೋನು, ಇಳಿದವನು, ಹತ್ತಿದವನು. ಎದುರು ವಕೀಲರು ಒಂದು ಗಂಟೆ ಅವಳನ್ನು ಹಿಂಡಿದರು.

"ನಿಮ್ಮನ್ನ ಬೀದೀಲಿ ಕೆಂಡ ಅಂತಾರಂತೆ. ತುಂಬ ಕೋಪದವರು ಅಂತೆ."

"ಹೌದು."

"ಆ ಕೋಪಕ್ಕೇ ಈ ಹುಡುಗನ ಮೇಲೆ ಇಲ್ಲದ್ದನ್ನ ಹೇಳ್ತಿದೀರಿ."

"ಇಲ್ಲದ್ದನ್ನ ಹೇಳೋಕೆ ಕೋಪ ಬೇಕಾಗಿಲ್ಲ ಸ್ವಾಮಿ. ಮೀಸೆಯೋರು ತಣ್ಣಗೇ ನಾಲ್ಕು ಸಲ ಬರೆದ್ರು. ಇರೋದನ್ನ ಹೇಳೋಕೆ ಇಲ್ಲಿವರೆಗೆ ಬರೋಕೆ ಮಾತ್ರ ಕೋಪ ಬೇಕಾಯ್ತು."

ನ್ಯಾಯಾಧೀಶರು ಬರೆದುಕೊಳ್ಳುತ್ತಿದ್ದವರು ಒಂದು ಕ್ಷಣ ತಲೆ ಎತ್ತಿದರು.

ಪೀಠೋಪಕರಣದವನ ಮಗನಿಗೆ ಎಂಟು ತಿಂಗಳ ಶಿಕ್ಷೆಯಾಯಿತು. ಅವನು ಅದೇ ದಿನ ಜಾಮೀನು ತೆಗೆದುಕೊಂಡು ಮೇಲ್ಮನವಿ ಹಾಕಿದ. ಅದು ಇನ್ನೂ ನಡೆಯುತ್ತಿದೆ, ಅವನ ಎರಡನೆಯ ಅಂಗಡಿಯೂ ನಡೆಯುತ್ತಿದೆ. ಮೀಸೆ ಪೇದೆಯ ಮೇಲೆ ಇಲಾಖೆಯ ವಿಚಾರಣೆಯಾಗಿ, ಒಂದು ವರ್ಷದ ಬಡ್ತಿ ತಡೆದು, ಬೇರೆ ಠಾಣೆಗೆ ಹಾಕಿದರು. ಮೇಲಿನಿಂದ ಹೇಳಿಸಿದ ಆ ದೊಡ್ಡವರು ಯಾರೆಂದು ಯಾವ ಕಡತದಲ್ಲೂ ಇಲ್ಲ. ಸೈಕಲ್ಲು ಅಷ್ಟರಲ್ಲಾಗಲೇ ಗುಜರಿಗೆ ಹೋಗಿತ್ತು. ಇದನ್ನೆಲ್ಲ ಲೆಕ್ಕ ಹಾಕಿ ಬೀದಿಯವರು, "ಗೆದ್ರಿ ಅಕ್ಕ, ಇನ್ನಾದ್ರೂ ಸಿಟ್ಟು ಬಿಡಿ" ಅಂದರೆ ಅವಳು ಅವರನ್ನು ಸುಟ್ಟುಬಿಡುವ ಹಾಗೆ ನೋಡುತ್ತಾಳೆ. ಏನು ಗೆದ್ದದ್ದು? ಮೊದಲ ಸಮನ್ಸಿಗೇ ಹೇಳಬೇಕಾಗಿದ್ದ ಅರ್ಧ ಗಂಟೆಯ ಮಾತು. ಅದನ್ನು ಹೇಳುವುದಕ್ಕೆ ತಾನು ಇಲ್ಲೇ ಇದ್ದೇನೆಂದು ಮೊದಲು ಸಾಬೀತು ಮಾಡಬೇಕಾಯಿತು.

ಈಗ ಬಟ್ಟೆಯ ಜೊತೆಗೆ ಕಾಗದಗಳೂ ಅವಳ ಮೇಜಿಗೆ ಬರುತ್ತವೆ. ಮೊನ್ನೆ ಹಿಂದಿನ ಬೀದಿಯ ನರ್ಸೊಬ್ಬಳು ಬಂದಿದ್ದಳು. ಅವಳ ಮಗಳನ್ನು ಹೊಡೆದವನ ಮೇಲೆ ನಾಲ್ಕು ವರ್ಷದ ಹಿಂದೆ ಕೊಟ್ಟ ದೂರು ಏನಾಯಿತೋ ತಿಳಿಯದು. ಠಾಣೆಯವರು ನಡೆಯುತ್ತಿದೆ ಅನ್ನುತ್ತಾರೆ.

"ನಾಲ್ಕು ವರ್ಷ ಅವರು ಹೇಳಿದ್ದನ್ನ ಕೇಳ್ಕೊಂಡು ಸುಮ್ನೆ ಕೂತಿದ್ರಾ?" ಎಂದು ಕೆಂಡಕ್ಕ ರೇಗಿದಳು. ಆ ಹೆಂಗಸಿನ ಮುಖ ಇಳಿದುಹೋಯಿತು. ಕೆಂಡಕ್ಕ ತುಟಿ ಕಚ್ಚಿಕೊಂಡಳು. ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕೈ ಒರೆಸಿಕೊಂಡು, ಕಂಬಳಿಯ ಮೇಲಿದ್ದ ಬಟ್ಟೆಯನ್ನೆಲ್ಲ ಪಕ್ಕಕ್ಕೆ ಸರಿಸಿದಳು.

"ಕೂತ್ಕೊಳಿ ತಂಗಿ. ಎಫ್‌ಐಆರ್ ಪ್ರತಿ ತಂದಿದೀರಾ? ಯಾವ ವರ್ಷದ್ದು? ಮೊದಲು ಬಾಕಿಯಲ್ಲಿ ನೋಡೋಣ, ಇಲ್ಲದಿದ್ರೆ ಇತ್ಯರ್ಥದಲ್ಲಿ."